ಬಿಸಿನೀರಿಗೆ ಮಣಿಯುವ ಮೂರನೇ ಕೈ

ಉಂಗುರದ ಮೇಲೆ ಹೆಸರು ಕೆತ್ತುವುದಕ್ಕಿಂತ ಆ ಉಂಗುರ ಅಲ್ಲಾಡದಂತೆ ಹಿಡಿದಿಡುವುದೇ ಕಷ್ಟ. ಇಕ್ಕಳಕ್ಕೆ ಸಿಕ್ಕಿಸಿದರೆ ಚಿನ್ನ ನಜ್ಜಾಗುತ್ತದೆ, ಬೆರಳಲ್ಲಿ ಹಿಡಿದರೆ ಚಾಣ ಜಾರುತ್ತದೆ. ನಮ್ಮ ಅಕ್ಕಸಾಲಿಗರು ಇದಕ್ಕೆ ಅರಗನ್ನು ನೆಚ್ಚಿಕೊಂಡವರು. ಕಾಯಿಸಿದ ಅರಗಿನಲ್ಲಿ ಒಡವೆ ಹುದುಗಿಸಿ, ಆರಿ ಗಟ್ಟಿಯಾದ ಮೇಲೆ ಕೆಲಸ ಮುಗಿಸಿ, ಮತ್ತೆ ಕಾಯಿಸಿ ಬಿಡಿಸಿಕೊಳ್ಳುವುದು. ಅದೇ ಅರಗು ನಾಳೆಯ ಒಡವೆಗೂ ಒದಗುತ್ತದೆ. ಆದರೆ ಅದಕ್ಕೆ ಉರಿ ಬೇಕು. ಅರಗು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ಪಾಂಡವರನ್ನು ಕೇಳಬೇಕು.

ಉರಿಯಿಲ್ಲದೆ, ಬರೀ ಬಿಸಿನೀರಿನಲ್ಲಿ ಮೆತ್ತಗಾಗುವ ವಸ್ತು ಮಲಯದವರಿಗೆ ಗೊತ್ತಿತ್ತು. ಗಟ್ಟಾ ಪರ್ಚಾ ಎಂಬ ಮರದ ಹಾಲಿನಿಂದ ಅವರು ಮಚ್ಚಿಗೆ ಹಿಡಿ ಮಾಡಿಕೊಳ್ಳುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ಮಾಂಟ್ಗೊಮರಿ 1843ರಲ್ಲಿ ಸಿಂಗಪುರದಿಂದ ಅದರ ಮಾದರಿಯನ್ನು ಲಂಡನ್ನಿಗೆ ಕಳಿಸಿದ. ಕೆಲವೇ ವರ್ಷಗಳಲ್ಲಿ ಅದು ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ಹೊದಿಕೆಯಾಯಿತು. ಹಾಲಿನಾಸೆಗೆ ಮರಗಳನ್ನೇ ಕಡಿದುರುಳಿಸಿದರು.

ಹಾಗೆಯೇ ಬಿಸಿನೀರಿಗೆ ಮಣಿಯುವ, ಇಂದು ಹವ್ಯಾಸಿ ಕುಶಲಕರ್ಮಿಗಳು ಬಳಸುವ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ ಹುಟ್ಟಿದ್ದು ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ. ವಾಲೇಸ್ ಕ್ಯಾರೊದರ್ಸ್ ಮತ್ತು ಸಂಗಡಿಗರು 1934ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ತಂಡ ಕೃತಕ ನೂಲಿನ ಹುಡುಕಾಟದಲ್ಲೂ ಇತ್ತು. ಆದರೆ ಅವರು ಮೊದಲು ಮಾಡಿದ, ಇದೇ ಜಾತಿಯ ಪಾಲಿಯೆಸ್ಟರ್‌ಗಳೆಲ್ಲ ತೀರಾ ಕಡಿಮೆ ಶಾಖಕ್ಕೇ ಕರಗುತ್ತಿದ್ದವು. ಇಸ್ತ್ರಿ ಪೆಟ್ಟಿಗೆ ಸೋಕಿದರೆ ನೀರಾಗುವ ಬಟ್ಟೆ ಯಾರಿಗೆ ಬೇಕು? ಅವರು ಬೇರೆ ದಾರಿ ಹಿಡಿದರು, 1935ರಲ್ಲಿ ನೈಲಾನ್ ಬಂತು. ಕಡೆಗಣಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಎತ್ತಿಕೊಂಡವರಲ್ಲಿ ವೈದ್ಯರು ಮುಖ್ಯರು: ಮುರಿದ ಕೈಗೆ ಅಳತೆಗೆ ತಕ್ಕ ಆಸರೆಪಟ್ಟಿ, ವಿಕಿರಣ ಚಿಕಿತ್ಸೆಯಲ್ಲಿ ತಲೆ ಅಲ್ಲಾಡದಂತೆ ಹಿಡಿಯುವ ಮುಖವಾಡ. ಬ್ರಿಟನ್ನಿನ ಶಾಲಾಮಕ್ಕಳಿಗೆ ಅದು ಪಾಲಿಮಾರ್ಫ್ ಹೆಸರಿನಲ್ಲಿ ಪರಿಚಿತ.

ಇದು ಬರುವುದು ಬಿಳಿ ಗುಂಡುಕಾಳುಗಳ ರೂಪದಲ್ಲಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗೆ ಹಾಕಿದರೆ ಬೆಂದ ಸಬ್ಬಕ್ಕಿಯಂತೆ ಪಾರದರ್ಶಕವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರಿನಿಂದ ತೆಗೆದ ತಕ್ಷಣ ಗಟ್ಟಿಯಾಗದಿರುವುದೇ ಇದರ ಸೊಗಸು. ಶಾಖ ನಿಧಾನವಾಗಿ ಇಳಿಯುತ್ತದೆ, ಒಳಗಿನ ಹರಳುಗಳು ಇನ್ನೂ ತಣ್ಣಗಾದ ಮೇಲಷ್ಟೇ ಕಟ್ಟಿಕೊಳ್ಳುತ್ತವೆ. ಹಾಗಾಗಿ ಕೈ ಸುಡದ ಹದಕ್ಕೆ ಬಂದ ಮೇಲೂ ತಿದ್ದಲು ಕೆಲವು ನಿಮಿಷ ಸಿಗುತ್ತದೆ. ಮತ್ತೆ ಬೆಳ್ಳಗಾಯಿತೆಂದರೆ ಗಟ್ಟಿಯಾಯಿತೆಂದು ಅರ್ಥ.

ಸೊಟ್ಟ ಆಕಾರದ ದಂತ, ಮರ, ಲೋಹದ ತುಣುಕನ್ನು ಅದರಲ್ಲಿ ಒತ್ತಿ ಕೂರಿಸಿದರೆ ಕೆತ್ತನೆಗೆ ಆಸರೆ ಸಿದ್ಧ. ಉಳಿಯ ಹಿಡಿಗೆ ಸುತ್ತಿ ಒಮ್ಮೆ ಮುಷ್ಟಿ ಬಿಗಿದರೆ ನಮ್ಮ ಬೆರಳಿನದೇ ಅಚ್ಚು. ಆದರೆ ಆ ಪ್ಲಾಸ್ಟಿಕ್ಕನ್ನೇ ಕೆತ್ತಿ ಗೊಂಬೆ ಮಾಡುತ್ತೇನೆಂದು ಹೊರಡುವವರ ಉತ್ಸಾಹ ನನಗಿಲ್ಲ. ಚೂಪಾದ ಚಾಕು ನಡೆದೀತು. ವೇಗದ ಯಂತ್ರ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಅದರ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಬೆಸುಗೆಯ ಹತ್ತಿರವಂತೂ ಸುಳಿಯುವಂತಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಂಥ ಹಿಡಿಯ ಉಳಿ ಬಿಟ್ಟುಹೋದರೆ, ಅದನ್ನು ಮತ್ತೆ ಬಿಸಿನೀರಿಗೆ ಹಾಕಿ ತಿದ್ದಬೇಕಾದೀತು.