ಬಿಚ್ಚುವ ಮೊದಲು ಬರೆ

ಯಾಣದ ಸುತ್ತಿನ ತೋಟಗಳಲ್ಲಿ ಈಗ ಇಬ್ಬರಿಗೆ ಬಹಳ ಬೇಡಿಕೆ. ಒಬ್ಬ ಮರ ಹತ್ತುವ ಕೊನೆಗೌಡ, ಇನ್ನೊಬ್ಬ ಪಂಪು ರಿಪೇರಿಯವ. ಇಬ್ಬರೂ ಹೇಳಿದ ದಿನ ಬರುವುದಿಲ್ಲ. ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರಿಗಾದರೂ ದಿನಕ್ಕೆ ಎರಡು ಹಗಲು ಇದೆಯೇ? ಮಳೆ ಹಿಡಿಯುವ ಮೊದಲು ಬೀಳಬೇಕಾದ ಬೋರ್ಡೋ ಹದಿನೈದು ದಿನ ತಡವಾದರೆ ಏನಾಗುತ್ತದೆಂದು ಕೊಳೆ ಬಂದ ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಘಟ್ಟದ ಬುಡದ ನಮ್ಮ ಕಣಿವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವ ದಿನಗಳೇ ಕಡಿಮೆ.

ಹಾಗಾದರೆ ಹೊಸಬರನ್ನು ತಯಾರು ಮಾಡಬೇಕು. ಆ ಪ್ರಯತ್ನ ನಡೆದಿಲ್ಲವೆಂದಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ತೆಂಗಿನ ಮರದ ಸ್ನೇಹಿತರು ಎಂಬ ಯೋಜನೆ ಶುರು ಮಾಡಿ, ಯಂತ್ರ ಕಟ್ಟಿಕೊಂಡು ಮರ ಹತ್ತುವುದನ್ನು ಆರು ದಿನಗಳ ತರಬೇತಿಯಲ್ಲಿ ಕಲಿಸಿತು. ಆಮೇಲೆ ಅದು ಕರ್ನಾಟಕಕ್ಕೂ ಬಂತು. 2018ರ ಕೊನೆಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲಿ ಅಡಿಕೆ ಕೌಶಲ್ಯ ಪಡೆಯ ಶಿಬಿರ ನಡೆದು ಯುವಕರು ಮರ ಹತ್ತಲು, ಮದ್ದು ಬಿಡಲು, ಕೊನೆ ತೆಗೆಯಲು ಕಲಿತರು. ಇನ್ನು ಐಟಿಐ ಎಂಬುದು 1950ರಿಂದ ಇರುವ ವ್ಯವಸ್ಥೆ. ಎಲೆಕ್ಟ್ರಿಶಿಯನ್ ಟ್ರೇಡಿಗೆ ಎರಡು ವರ್ಷ.

ನನ್ನ ತಲೆ ತಿಂದದ್ದು ಬೇರೆ ಪ್ರಶ್ನೆ. ಆರು ದಿನವಿರಲಿ ಎರಡು ವರ್ಷವಿರಲಿ, ತರಬೇತಿ ಮುಗಿದ ಮೇಲೆ ಕಲಿಸುವವನು ಇರುವುದಿಲ್ಲ. ಸರ್ಟಿಫಿಕೇಟು ಮನೆಯ ಗೋಡೆಗೆ ಹೋಗುತ್ತದೆ, ಹುಡುಗ ತೋಟಕ್ಕೆ ಬರುತ್ತಾನೆ. ಅಲ್ಲಿಂದ ಮುಂದೆ ಅವನ ಮೇಷ್ಟ್ರು ಅವನೇ. ಕೆಲವು ವರ್ಷಗಳಿಂದ ನಮ್ಮ ತೋಟಕ್ಕೆ ಇಂಥ ಹುಡುಗರು ಕೆಲಸಕ್ಕೆ ಬರುತ್ತಿದ್ದಾರೆ. ಒಂದೇ ಕಡೆ, ಒಂದೇ ಪಾಠ ಕೇಳಿದ ಇಬ್ಬರಲ್ಲಿ ಒಬ್ಬ ಎರಡನೇ ವರ್ಷಕ್ಕೆ ಪಳಗಿದ, ಮತ್ತೊಬ್ಬ ಮೊದಲ ಮಳೆಗಾಲಕ್ಕೇ ಬಿಟ್ಟು ಹೋದ. ಬಿಟ್ಟವನು ದಡ್ಡನಲ್ಲ, ಸೋಮಾರಿಯೂ ಅಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ?

ನೂರು ಪುಟದ ನೋಟುಬುಕ್

ಪಳಗಿದವನು ಐಟಿಐ ಓದುತ್ತಿದ್ದಾಗಲೇ ರಜೆಯಲ್ಲಿ ಪಂಪು ನೋಡಲು ಬರುತ್ತಿದ್ದ. ಜೇಬಿನಲ್ಲಿ ಟೆಸ್ಟರು, ಚೀಲದಲ್ಲಿ ಮೀಟರು, ಜೊತೆಗೊಂದು ನೂರು ಪುಟದ ನೋಟುಬುಕ್. ಕಾಲೇಜಿಗೆ ಒಪ್ಪಿಸುವ ರೆಕಾರ್ಡು ಬೇರೆ, ಅದರಲ್ಲಿ ಚಿತ್ರ ಚಂದ, ಅಕ್ಷರ ಚಂದ, ಎಲ್ಲ ಪ್ರಯೋಗವೂ ಸರಿಯಾಗಿಯೇ ಬಂದಿರುತ್ತದೆ! ಈ ನೋಟುಬುಕ್ಕಿಗೆ ಎಣ್ಣೆ ಕೈಯ ಗುರುತು.

ಒಂದು ದಿನ ನಮ್ಮ ಸಿಂಗಲ್ ಫೇಸ್ ಮೋಟರು ಗುಂಯ್ ಎನ್ನುತ್ತಿತ್ತೇ ವಿನಾ ತಿರುಗುತ್ತಿರಲಿಲ್ಲ. ಅವನು ಸ್ವಿಚ್ ಆರಿಸಿ, ಫ್ಯೂಜು ತೆಗೆದು, ಕಟ್ಟೆ ಮೇಲೆ ಕೂತು ಬರೆಯತೊಡಗಿದ.

‘ಎಂತ ಬರೀತೆ ತಮಾ? ಬಿಚ್ಚಿ ನೋಡು ಮೊದ್ಲು’ ಎಂದೆ.

‘ಬಿಚ್ಚೂಕೆ ಮುಂಚೆ ಬರೀಬೇಕು ಹೆಗಡೇರೆ. ಬಿಚ್ಚಿದ್ ಮೇಲೆ ಎಲ್ಲಾ ಗೊತ್ತಿತ್ತು ಅಂತ್ಲೇ ಅನ್ನಿಸ್ತದೆ.’

ಬರೆದದ್ದು ಮೂರೇ ಸಾಲು. ಕೆಪಾಸಿಟರ್ ಹೋಗಿರಬೇಕು, ಅಲ್ಲದಿದ್ದರೆ ಇಂಪೆಲ್ಲರ್ ಹಿಡಿದುಕೊಂಡಿರಬೇಕು, ಅದೂ ಅಲ್ಲದಿದ್ದರೆ ಸ್ಟಾರ್ಟಿಂಗ್ ವೈಂಡಿಂಗ್. ಆಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿತು. ಎರಡನೇ ಸಾಲಿಗೆ ಗೀಟು. ಕೆಪಾಸಿಟರಿನಲ್ಲಿ ಉಳಿದ ಕರೆಂಟು ಇಳಿಸಿ (ಇದನ್ನು ಮರೆತವರಿಗೆ ಅದು ಒಳ್ಳೆಯ ನೆನಪು ಕೊಡುತ್ತದೆ), ಬೇರೆ ಒಂದನ್ನು ಹಾಕಿದ. ಪಂಪು ಹೊರಟಿತು. ಒಂದನೇ ಸಾಲಿಗೆ ಸರಿ ಗುರುತು, ತಾರೀಕು, ತೆಗೆದುಕೊಂಡ ಸಮಯ.

ಈ ಪದ್ಧತಿಯ ಗುಣ ನನಗೆ ಹೊಳೆದದ್ದು ನೋಟುಬುಕ್ಕಿನ ಹಿಂದಿನ ಪುಟ ತಿರುವಿದಾಗ. ಮೊದಲ ಇಪ್ಪತ್ತು ರಿಪೇರಿಗಳಲ್ಲಿ ಅವನ ಮೊದಲ ಅಂದಾಜು ಸರಿಯಾದದ್ದು ಐದು ಕಡೆ. ಕೊನೆಯ ಇಪ್ಪತ್ತರಲ್ಲಿ ಹದಿಮೂರು. ತಪ್ಪಿದವನ್ನು ನೋಡಿದರೆ ಹೆಚ್ಚಿನವು ಒಂದೇ ಜಾತಿಯವು, ಪಂಪಿನ ದೋಷವೇ ಅಲ್ಲ. ನಮ್ಮ ಕಡೆ ಲೈನಿನ ಕೊನೆ ಕಂಬದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿದಿರುತ್ತದೆ. ಅವನು ಮೋಟರು ಬಿಚ್ಚುತ್ತಿದ್ದ. ಅದು ಕಂಡ ದಿನದಿಂದ ಪುಟದ ಮೇಲ್ಗಡೆ ಒಂದು ಸಾಲು ಹೊಸದಾಗಿ ಬಂದಿದೆ: ‘ಮೊದಲು ವೋಲ್ಟೇಜ್ ನೋಡು.’ ಈ ಪಾಠ ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ತನ್ನ ತಪ್ಪುಗಳ ರಾಶಿಯಿಂದ ತಾನೇ ಹೆಕ್ಕಿ ತೆಗೆದದ್ದು.

ಬಿಟ್ಟು ಹೋದವನೂ ಅಷ್ಟೇ ಪಂಪು ಬಿಚ್ಚಿದ್ದ. ಸರಿಯಾದರೆ ಖುಷಿ, ಆಗದಿದ್ದರೆ ಕುಮಟೆಯ ಅಂಗಡಿಗೆ ಕಳಿಸು. ಅಲ್ಲಿ ಏನು ಮಾಡಿದರೆಂದು ಕೇಳಿ ತಿಳಿಯುತ್ತಿರಲಿಲ್ಲ. ಇಪ್ಪತ್ತನೇ ಪಂಪಿನ ಎದುರೂ ಅವನು ಮೊದಲನೇ ಪಂಪಿನ ಎದುರು ಕೂತ ಹಾಗೇ ಕೂತಿರುತ್ತಿದ್ದ.

ಶಿಕ್ಷಣದ ವಿದ್ವಾಂಸರು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ. ಅಮೆರಿಕದ ಬ್ಯಾರಿ ಜಿಮ್ಮರ್‌ಮನ್ ಎಂಬ ಮನಶ್ಶಾಸ್ತ್ರಜ್ಞರು, ತನ್ನ ಕಲಿಕೆಯನ್ನು ತಾನೇ ನಡೆಸಿಕೊಳ್ಳುವವನ ಕೆಲಸದಲ್ಲಿ ಮೂರು ಘಟ್ಟ ಗುರುತಿಸಿದರು: ಮಾಡುವ ಮೊದಲಿನ ಯೋಚನೆ, ಮಾಡುವಾಗಿನ ಎಚ್ಚರ, ಮಾಡಿದ ಮೇಲಿನ ವಿಮರ್ಶೆ. ಮೂರೂ ಸುತ್ತಿ ಸುತ್ತಿ ಬರುತ್ತವೆ. ಜರ್ಮನಿಯಲ್ಲಿ ಕಸುಬು ಕಲಿಯುವವರು ಏನು ಕಲಿತೆವೆಂದು ಬರೆದಿಡುವ ವರದಿ ಪುಸ್ತಕ ಕಡ್ಡಾಯ. ಅದನ್ನು ಕಲಿಸುವವರು ನೋಡಿ ಸಹಿ ಹಾಕುತ್ತಾರೆ. ನಮ್ಮ ಹುಡುಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಅಜ್ಜಿ ಹಾಲಿನ ಲೆಕ್ಕವನ್ನು ಗೋಡೆ ಮೇಲೆ ಗೀಟೆಳೆದು ಇಡುತ್ತಿದ್ದರಂತೆ, ಅಲ್ಲಿಂದ ಬಂದ ಅಭ್ಯಾಸ.

ಮರದ ಮೇಲೆ ನೋಟುಬುಕ್ ಇಲ್ಲ

ಕೊನೆಗೌಡನ ಕೆಲಸದಲ್ಲಿ ಇದೇ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಪಂಪಿನಲ್ಲಿ ತಪ್ಪಿದರೆ ಒಂದು ಕೆಪಾಸಿಟರ್ ಖರ್ಚು. ಮರದ ಮೇಲೆ ತಪ್ಪಿದರೆ? ಆದ್ದರಿಂದ ‘ತಾನೇ ಕಲಿಯಲಿ’ ಎಂಬ ಮಾತನ್ನು ಇಲ್ಲಿ ಜಾಗ್ರತೆಯಿಂದ ಆಡಬೇಕು. ಹತ್ತುವುದು, ಮರದಿಂದ ಮರಕ್ಕೆ ದಾಟುವುದು, ಹಗ್ಗ ಕಟ್ಟುವುದು, ಇವು ಅನುಭವಿಯ ಕಣ್ಣೆದುರೇ ಕಲಿಯಬೇಕಾದವು. ಒಬ್ಬಂಟಿಯಾಗಿ ಅಭ್ಯಾಸ ಮಾಡುತ್ತೇನೆಂದು ಹೊರಟವನನ್ನು ನಾನು ತೋಟದೊಳಗೆ ಬಿಡುವುದಿಲ್ಲ. ತೆಂಗಿನ ಮರ ಹತ್ತುವವರಿಗೆ ಕೇರ ಸುರಕ್ಷಾ ಎಂಬ ವಿಮೆ ಇದೆ. ಹತ್ತುವವರು ಯಾರೇ ಇರಲಿ, ಕೆಲಸ ಕೊಡುವ ಮೊದಲು ವಿಮೆಯ ಮಾತಾಡಿಕೊಳ್ಳುವುದು ಒಳ್ಳೆಯದು.

ಆದರೆ ಹತ್ತುವುದು ಈ ಕಸುಬಿನ ಅರ್ಧ ಮಾತ್ರ. ಉಳಿದರ್ಧ ಕಣ್ಣಿನದು. ಯಾವ ಕೊನೆ ಕೆಂಪಡಿಕೆಗೆ ಹದವಾಗಿದೆ, ಯಾವುದನ್ನು ಇನ್ನು ಹದಿನೈದು ದಿನ ಬಿಡಬೇಕು, ಯಾವುದನ್ನು ಗೋಟಾಗಲು ಬಿಟ್ಟು ಚಾಲಿ ಮಾಡುವುದು ಲಾಭ? ಬೆಳೆದದ್ದನ್ನು ಬಿಟ್ಟರೂ ನಷ್ಟ, ಎಳೆಯದನ್ನು ಕಡಿದರೂ ನಷ್ಟ. ಈ ಕಣ್ಣನ್ನು ನೆಲದ ಮೇಲೆ ನಿಂತೇ ಪಳಗಿಸಬಹುದು. ಮರ ಹತ್ತಲು ಕಲಿಯುತ್ತಿದ್ದ ಒಬ್ಬ ಹುಡುಗ ಮಾಡಿದ ಉಪಾಯ ಕೇಳಿ. ಹಿರಿಯ ಕೊನೆಗೌಡ ಮೇಲಿದ್ದಾಗ ಇವನು ಕೆಳಗೆ ಹಗ್ಗ ಹಿಡಿಯುವ ಕೆಲಸ. ಮೇಲಿನವ ಕತ್ತಿ ಎತ್ತುವ ಮೊದಲೇ ಇವನು ಮನಸ್ಸಿನಲ್ಲಿ ‘ಕಡಿತಾನೆ’ ಅಥವಾ ‘ಬಿಡ್ತಾನೆ’ ಎಂದುಕೊಳ್ಳುವುದು. ತಪ್ಪಾದರೆ ಒಂದು ಕಲ್ಲು ಅಂಗಿ ಜೇಬಿಗೆ. ಸಂಜೆ ಕಲ್ಲು ಎಣಿಸುವುದು. ಜೇಬು ಭಾರವಾದ ದಿನ ಹಿರಿಯನ ಹತ್ತಿರ ಚಾ ಕುಡಿಯುತ್ತ ಕೇಳುವುದು, ‘ಆ ಬದಿಯ ಬಾಗಿದ ಮರದ್ದು ಎಂತಕ್ಕೆ ಬಿಟ್ರಿ ಅಣ್ಣ?’ ಹಿರಿಯನಿಗೂ ಹೀಗೆ ಕೇಳಿದರೆ ಹೇಳಲು ಬರುತ್ತದೆ. ಸುಮ್ಮನೆ ‘ಕಲಿಸಿಕೊಡಿ’ ಎಂದರೆ ಅವನ ಬಾಯಲ್ಲಿ ಮಾತೇ ಹೊರಡುವುದಿಲ್ಲ, ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲವಲ್ಲ.

ಬೋರ್ಡೋ ತಯಾರಿಯೂ ಹಾಗೇ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಬಾಯಿಪಾಠ. ಸುಣ್ಣದ ಗುಣ ಮಾತ್ರ ಚೀಲದಿಂದ ಚೀಲಕ್ಕೆ ಬೇರೆ. ಕಲಿಯುವವನಿಗೆ ಡ್ರಮ್ಮಿನ ಬದಲು ಬಕೆಟ್ಟು ಕೊಡಿ: ನೂರು ಗ್ರಾಂ ತುತ್ತು, ನೂರು ಗ್ರಾಂ ಸುಣ್ಣ, ಐದೈದು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಲಿ. ಹೊಳೆಯುವ ಕತ್ತಿ ಅದ್ದುವ ಮೊದಲು ‘ಕೆಂಪಾಗ್ತದೋ ಇಲ್ವೋ’ ಎಂದು ಅವನೇ ಹೇಳಲಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ ಮತ್ತೆ ಅದ್ದಲಿ. ಹಾಳಾದರೆ ಹತ್ತು ಲೀಟರ್, ಅಷ್ಟೇ. ಕೊಳೆರೋಗದ ಮೇಲೆ ಬೋರ್ಡೋ ಬಳಸುವುದನ್ನು ಒಂದು ಶತಮಾನದ ಹಿಂದೆ ಮೈಸೂರು ಸೀಮೆಯಲ್ಲಿ ರೂಢಿಗೆ ತಂದ ಲೆಸ್ಲಿ ಕೋಲ್ಮನ್ ಕೂಡ ಮೊದಲು ಪ್ರಯೋಗ ಮಾಡಿಯೇ ನಂತರ ತೋಟಗಳಿಗೆ ಹೋದವರು.

ಕೂಲಿಯ ಲೆಕ್ಕ

ಇನ್ನು ನಾವು ತೋಟದವರ ವಿಷಯ. ಕಲಿಯುವ ಹುಡುಗನಿಗೆ ಮರದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅವನು ಕಲಿಯುವುದಿಲ್ಲ, ಓಡುತ್ತಾನೆ. ಎಷ್ಟು ಮರ ಮುಗಿಯಿತು ಎಂಬುದೇ ತಲೆಯಲ್ಲಿ. ನಿಂತು ಯೋಚಿಸಿದರೆ ಕೂಲಿ ಹೋಯಿತು, ಹಿರಿಯನನ್ನು ಕೇಳಿದರೆ ಇಬ್ಬರ ಕೂಲಿಯೂ ಹೋಯಿತು! ಮೊದಲ ಒಂದು ಹಂಗಾಮು ದಿನಗೂಲಿ ಕೊಟ್ಟು ನೋಡಿ. ಮರ ಕಡಿಮೆಯಾಗುತ್ತದೆ, ನಿಜ. ಜೊತೆಗೆ ಬಂದ ಹಿರಿಯನಿಗೆ ಕಲಿಸಿದ್ದಕ್ಕೆಂದು ಸ್ವಲ್ಪ ಹೆಚ್ಚೇ ಕೊಡಬೇಕು. ಎರಡು ಮೂರು ಮನೆಯವರು ಸೇರಿ ಈ ಖರ್ಚು ಹಂಚಿಕೊಂಡರೆ ಭಾರವಾಗದು, ನಮ್ಮ ಕೇರಿಯಲ್ಲಿ ಹಾಗೇ ಮಾಡಿದ್ದೇವೆ.

ಇನ್ನೊಂದು, ಹುಡುಗ ಪಂಪಿನ ಎದುರು ಸುಮ್ಮನೆ ಕೂತರೆ ನಮಗೆ ತಡೆಯುವುದಿಲ್ಲ. ‘ಆ ಬೋಲ್ಟು ಬಿಚ್ಚು, ಈ ವಯರು ನೋಡು’ ಎಂದು ಶುರು. ಹತ್ತು ನಿಮಿಷ ಅಡಿಗೆಮನೆಗೆ ಹೋಗಿ ಬರುವುದು ವಾಸಿ.

ಪ್ರವಾಸಿಗಳು ಹೆಚ್ಚಿದ ಮೇಲೆ ಯಾಣದ ಹುಡುಗರಿಗೆ ಬೇರೆ ದಾರಿಗಳೂ ಇವೆ. ಭೈರವೇಶ್ವರ ಶಿಖರ ನೋಡಲು ಬಂದವರಿಗೆ ಜೀಪು ಓಡಿಸಬಹುದು, ಅಂಗಡಿ ಇಡಬಹುದು. ಹೋಗುವವರನ್ನು ದೂರುವುದಕ್ಕಾಗದು. ಉಳಿದವನು ಉಳಿಯುವುದು ಕೆಲಸದಲ್ಲಿ ತಾನು ಮುಂದೆ ಹೋಗುತ್ತಿದ್ದೇನೆಂದು ಅವನಿಗೇ ಕಂಡಾಗ. ನೋಟುಬುಕ್ಕಿನ ಐದು ಹದಿಮೂರಾದದ್ದು ಕಂಡದ್ದರಿಂದಲೇ ಆ ಹುಡುಗ ನಿಂತ ಎಂದು ನನಗನ್ನಿಸುತ್ತದೆ.

ಈಗ ನಮ್ಮಲ್ಲಿ ಮೂರನೆಯವನೊಬ್ಬ ಬರುತ್ತಿದ್ದಾನೆ. ಬರೆಯುವುದೆಂದರೆ ಅವನಿಗೆ ಜ್ವರ. ನೆಟ್‌ವರ್ಕ್ ಸಿಗದ ನಮ್ಮ ಕಣಿವೆಯಲ್ಲೂ ಫೋನಿನಲ್ಲಿ ಮಾತು ರೆಕಾರ್ಡು ಮಾಡಬಹುದಲ್ಲ, ಬಿಚ್ಚುವ ಮೊದಲು ತನ್ನ ಅಂದಾಜನ್ನು ಫೋನಿಗೆ ಹೇಳುತ್ತಾನೆ, ಮುಗಿದ ಮೇಲೆ ಏನಿತ್ತೆಂದೂ ಹೇಳುತ್ತಾನೆ. ವಾರಕ್ಕೊಮ್ಮೆ ಕೂತು ಕೇಳುತ್ತಾನಂತೆ. ತನ್ನ ದನಿ ಕೇಳಿ ತನಗೇ ನಗು ಬರುತ್ತದೆ ಎನ್ನುತ್ತಾನೆ. ಈ ಮಳೆಗಾಲ ಕಳೆದ ಮೇಲೆ ಅವನ ಲೆಕ್ಕ ನೋಡಬೇಕು.