ಊರ ಕೆರೆಯ ಶುದ್ಧಿಯೂ ಮೀನು ಸಾಕಣೆಯೂ

ಜನರಿಗೂ ದನಕರುಗಳಿಗೂ ಆಸರೆಯಾಗಿದ್ದ ಅನೇಕ ಊರ ಕೆರೆಗಳು ಈಗ ಹೂಳು ತುಂಬಿ, ಕಳೆ ಹಬ್ಬಿ, ಹಾಳುಬಿದ್ದಿರುವುವು. ಇಂತಹ ಕೆರೆಗೆ ಗ್ರಾಮಸ್ಥರು ಹಣ ಕೂಡಿಸಿ ಮೀನಿನ ಮರಿಗಳನ್ನು ಬಿಟ್ಟರೆ, ಒಂದು ಮುಂಜಾನೆ ಅವೆಲ್ಲವೂ ಸತ್ತು ತೇಲುವುದುಂಟು. ಯಾರೋ ವಿಷವಿಕ್ಕಿದರೆಂದು ಊರಿನಲ್ಲಿ ವೈರ ಬೆಳೆಯುವುದೂ ಉಂಟು. ಆದರೆ ಅನೇಕ ವೇಳೆ ಇದಕ್ಕೆ ಕಾರಣವು ನೀರಿನಲ್ಲಿ ಆಮ್ಲಜನಕವು ತೀರಿಹೋಗುವುದೇ ಹೊರತು ಬೇರೆಯಲ್ಲ.

ಬಚ್ಚಲ ನೀರೂ ತಿಪ್ಪೆಯ ರಸವೂ ಕೆರೆಗೆ ಸೇರಿದರೆ ಪಾಚಿಯು ಮಿತಿಮೀರಿ ಬೆಳೆಯುವುದು. ಹಗಲಿನಲ್ಲಿ ಅದು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಹೊರಬಿಡುವುದಾದರೂ, ರಾತ್ರಿಯಲ್ಲಿ ಅದೇ ಪಾಚಿಯು ಆಮ್ಲಜನಕವನ್ನು ಹೀರಿಕೊಳ್ಳುವುದು. ತಳದಲ್ಲಿ ಕೊಳೆಯುವ ಕಸದಿಂದಲೂ ಅದು ವ್ಯಯವಾಗುವುದು. ಆದಕಾರಣ ಮೋಡ ಕವಿದ ದಿನಗಳ ಬೆಳಗಿನ ಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುವು. ಒಂದು ಲೀಟರು ನೀರಿನಲ್ಲಿ 5 ಮಿಲಿಗ್ರಾಮಿನಷ್ಟು ಆಮ್ಲಜನಕವಿದ್ದರೆ ಅವು ಸುಖವಾಗಿರುವುವು.

ಆದ್ದರಿಂದ ಮೊದಲು ನೀರು, ಅನಂತರ ಮೀನು ಎಂಬ ಕ್ರಮವನ್ನು ತಪ್ಪಬಾರದು. ಕೊಳಚೆ ಹರಿಯುವ ಚರಂಡಿಗಳನ್ನು ಬೇರೆಡೆಗೆ ತಿರುಗಿಸತಕ್ಕದ್ದು. ತೇಲುವ ಕಳೆಯನ್ನು ಬೇರುಸಹಿತ ದಡಕ್ಕೆ ಎಳೆದು ಗೊಬ್ಬರದ ಗುಂಡಿಗೆ ಹಾಕಬೇಕು. ಕೊಂದು ನೀರಿನಲ್ಲಿಯೇ ಬಿಟ್ಟರೆ ಅದು ಕೊಳೆತು ಮತ್ತಷ್ಟು ಕೇಡಾಗುವುದು. ಬೇಸಿಗೆಯಲ್ಲಿ ಕೆರೆಗೋಡನ್ನು ತೆಗೆದು ಹೊಲಗಳಿಗೆ ಹರಡಿದರೆ ಎರಡು ಲಾಭ. ಆದರೆ ಏರಿಯ ಬುಡದಲ್ಲಿ ಅಗೆಯಬಾರದು, ನೀರು ಹಿಡಿದಿಡುವ ಜೇಡಿಯ ಪದರವನ್ನೂ ಕಡಿಯಬಾರದು. ಬಳಿಕ ಒಣಗಿದ ಅಂಗಳಕ್ಕೆ ಎಕರೆಗೆ ಸುಮಾರು 100 ಕಿಲೋಗ್ರಾಮು ಸುಣ್ಣವನ್ನು ಎರಚಬೇಕು.

ಮಳೆಯಿಂದ ಕೆರೆ ತುಂಬಿ, ಸುಮಾರು 5 ಅಡಿ ನೀರು ನಿಂತಮೇಲೆ, ಕೋಡಿಗೂ ತೂಬಿಗೂ ಜಾಲರಿ ಕಟ್ಟಿ ಮರಿಗಳನ್ನು ಬಿಡಬಹುದು. ಕಾಟ್ಲಾ ಮೀನು ಮೇಲುನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಆಹಾರ ಹುಡುಕುವುದರಿಂದ ಒಂದಕ್ಕೊಂದು ಅಡ್ಡಿಯಾಗವು. ಎಕರೆಗೆ ಸುಮಾರು 2000 ಮರಿಗಳು ಸಾಕು. ಇವು ನಿಂತ ನೀರಿನಲ್ಲಿ ಮರಿಮಾಡುವುದಿಲ್ಲವಾಗಿ ಮತ್ತೆ ಮತ್ತೆ ತರಬೇಕಾಗುವುದು. 1957ರಲ್ಲಿ ಒರಿಸ್ಸಾದಲ್ಲಿ ಚುಚ್ಚುಮದ್ದಿನಿಂದ ಮರಿಮಾಡಿಸುವ ವಿಧಾನವು ಸಿದ್ಧಿಸಿದುದರಿಂದ ನದಿಗಳಲ್ಲಿ ಮರಿ ಹಿಡಿಯುವ ಅಗತ್ಯ ತಗ್ಗಿತು. ಮರಿ ತಂದ ಚೀಲವನ್ನು ಕಾಲುಗಂಟೆ ಕೆರೆಯಲ್ಲಿ ತೇಲಿಸಿಟ್ಟು, ನೀರಿನ ಶಾಖ ಸಮನಾದಮೇಲೆ ಬಿಡಬೇಕು.

ಒಬ್ಬರ ಚರಂಡಿಯು ಊರಿನವರೆಲ್ಲರ ಮೀನನ್ನು ಕೊಲ್ಲಬಲ್ಲುದು. ಆದುದರಿಂದ ಮರಿಗಳಿಗೆ ಹಣ ಕೂಡಿಸುವುದಕ್ಕೆ ಮುಂಚೆಯೇ ಗ್ರಾಮದ ಮುಖಂಡರೂ ಜಮೀನುದಾರರೂ ಸಭೆ ಸೇರಿ, ಕೆರೆಗೆ ಕೊಳೆ ಬಿಡುವುದಿಲ್ಲವೆಂದು ನಿಶ್ಚಯಿಸಿ, ಆ ನಿಶ್ಚಯವನ್ನು ಮೊದಲು ತಮ್ಮ ತಮ್ಮ ಮನೆಗಳಲ್ಲಿಯೇ ನಡೆಸಿ ತೋರಿಸುವುದು ಯುಕ್ತ.