ತೊಗರಿಯ ಮೂಲಗ್ರಂಥ

ಕಲಬುರಗಿ ನಗರದ ಅಂಚಿಗೆ ಇರುವ ಕೋಟನೂರಿನ ಎರೆಭೂಮಿಯಲ್ಲಿ, ಮೃಗಶಿರೆಯ ಮಳೆಗೆ ಕೂರಿಗೆಯಿಂದ ಮಣ್ಣಿಗಿಳಿದ ತೊಗರಿಯ ಕಾಳು ದಸರೆಯ ಹೊತ್ತಿಗೆ ಎದೆಮಟ್ಟದ ಗಿಡವಾಗಿ, ದೀಪಾವಳಿಯ ಆಚೀಚೆ ಹಳದಿ ಹೂವು ಮುಡಿದು, ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಬರುವಷ್ಟರಲ್ಲಿ ಕಾಯಿಗಟ್ಟಿ ನಿಲ್ಲುವುದು ಈ ಸೀಮೆಯ ವಾಡಿಕೆ. ಆದರೆ ಎಲ್ಲ ವರ್ಷಗಳೂ ಹಾಗಲ್ಲ. ಕೆಲವು ವರ್ಷ, ಗಿಡ ಹೂವಿಟ್ಟು ಇನ್ನೇನು ಕಾಳು ತುಂಬಬೇಕು ಎನ್ನುವಾಗಲೇ, ನೆಲದಲ್ಲಿ ತೇವವಿದ್ದರೂ ನೀರು ಕಾಣದ ಗಿಡದಂತೆ ಎಲೆ ಜೋಲಿ, ನಿಂತಲ್ಲಿಯೇ ಒಣಗಿಬಿಡುತ್ತದೆ. ಒಣಗಿದ ಕಾಂಡವನ್ನು ಸೀಳಿ ನೋಡಿದರೆ ಒಳಗಿನ ನೀರ್ಗೊಳವೆಗಳಲ್ಲಿ ಕಂದುಗಪ್ಪಿನ ಗೆರೆಗಳು ಎದ್ದು ಕಾಣುತ್ತವೆ. ಇದೇ ನೆಟೆ ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು ಗಿಡದ ನೀರಿನ ದಾರಿಯನ್ನೇ ಕಟ್ಟಿಬಿಡುವುದರಿಂದ ಉಂಟಾಗುವ ಈ ವ್ಯಾಧಿ, ಬೆಳೆ ಕಿತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿರಬಲ್ಲುದು.

ಇಂಥ ಹೊಲದಲ್ಲಿ ಕಣ್ಣಿಟ್ಟು ನೋಡುವವನಿಗೆ ಒಂದು ವಿಸ್ಮಯ ಕಾದಿರುತ್ತದೆ. ಅದೇ ಮಣ್ಣು, ಅದೇ ಮಳೆ, ಅದೇ ಶಿಲೀಂಧ್ರ. ಹೀಗಿದ್ದೂ ಒಂದು ಸಾಲು ಸತ್ತಲ್ಲಿ ಬೇರೆ ತಳಿಯ ಮತ್ತೊಂದು ಸಾಲು ಹಸಿರಾಗಿ ತಲೆಯೆತ್ತಿ ನಿಂತಿರುತ್ತದೆ. ಬದುಕಿದ ಗಿಡದಲ್ಲಿ ಇದ್ದು ಸತ್ತ ಗಿಡದಲ್ಲಿ ಇಲ್ಲದಿದ್ದುದು ಯಾವುದು, ಅದು ಬೀಜದೊಳಗೆ ಎಲ್ಲಿ ಅಡಗಿದೆ, ಅದನ್ನು ಕಂಡುಹಿಡಿದು ಮತ್ತೊಂದು ಬೀಜಕ್ಕೆ ಸೇರಿಸಲು ಸಾಧ್ಯವೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತ ಹೊರಟ ಮಾನವಬುದ್ಧಿಯು ಕಟ್ಟಿಕೊಂಡ ಎರಡು ಮಹತ್ತ್ವದ ವಿದ್ಯೆಗಳೇ ವಂಶವಾಹಿಗಳ ನಕ್ಷೆ ಬರೆಯುವುದು ಮತ್ತು ಜೀನೋಮಿನ ಅಕ್ಷರಗಳನ್ನು ಓದುವುದು.

ತೊಗರಿಯ ಪ್ರತಿಯೊಂದು ಜೀವಕೋಶದಲ್ಲಿಯೂ 11 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಒಂದೊಂದು ವರ್ಣತಂತುವೂ ಡಿಎನ್‌ಎ ಎಂಬ ಅತಿದೀರ್ಘವಾದ ಎಳೆ. ಆ ಎಳೆಯ ಮೇಲಿನ ಬರವಣಿಗೆಗೆ ಇರುವ ಅಕ್ಷರಗಳು ನಾಲ್ಕೇ ನಾಲ್ಕು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಪ್ರತಿ ಜೋಡಿಯಿಂದ ಒಂದೊಂದರಂತೆ ತೆಗೆದ ಹನ್ನೊಂದರ ಒಂದು ಪೂರ್ಣ ಕಟ್ಟಿನಲ್ಲಿ, ಈ ಅಕ್ಷರಗಳು ಸುಮಾರು 83 ಕೋಟಿ. ಈ ಸಮಗ್ರ ಬರವಣಿಗೆಗೆ ಜೀನೋಮ್ ಎಂದು ಹೆಸರು. ಅದರಲ್ಲಿ ಅರ್ಥವುಳ್ಳ ಒಂದೊಂದು ವಾಕ್ಯದಂತಿರುವುದು ವಂಶವಾಹಿ.

ಅಕ್ಷರಗಳನ್ನು ಓದುವ ಉಪಾಯವೇ ಇಲ್ಲದಿದ್ದ ಕಾಲದಲ್ಲಿ ಯಾವ ವಾಕ್ಯ ಎಲ್ಲಿದೆ ಎಂದು ಪಂಡಿತರು ತಿಳಿದುದು ಹೇಗೆ? ಇದಕ್ಕೆ ನಮ್ಮ ಶರಣಬಸವೇಶ್ವರರ ಜಾತ್ರೆಯನ್ನು ನೆನೆದುಕೊಳ್ಳಬಹುದು. ರಥ ಹೊರಟಾಗ ಆ ಜನಸಾಗರವು ಎರಡಾಗಿ ಸೀಳಿ ದಾರಿ ಬಿಡುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಅಣ್ಣತಮ್ಮಂದಿರು ಬಹುಪಾಲು ಒಂದೇ ಬದಿಗೆ ಉಳಿಯುತ್ತಾರೆ. ದೂರದೂರ ನಿಂತಿದ್ದವರು ಒಬ್ಬರು ಈಚೆಗೆ, ಇನ್ನೊಬ್ಬರು ಆಚೆಗೆ ಆಗಿಬಿಡುವುದೇ ಹೆಚ್ಚು. ಹಲವು ಸಲ ಹೀಗೆ ಜನ ಸೀಳುವುದನ್ನು ನೋಡಿ, ಯಾರು ಯಾರು ಎಷ್ಟು ಬಾರಿ ಅಗಲಿದರೆಂದು ಲೆಕ್ಕವಿಟ್ಟರೆ, ಮೊದಲು ಯಾರು ಯಾರ ಪಕ್ಕದಲ್ಲಿದ್ದರೆಂಬುದನ್ನು ಕಾಣದೆಯೇ ಹೇಳಬಹುದಷ್ಟೆ. ಬೀಜಕೋಶಗಳು ಹುಟ್ಟುವಾಗ ತಾಯಿಯ ವರ್ಣತಂತುವೂ ತಂದೆಯ ವರ್ಣತಂತುವೂ ತಮ್ಮ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ನೆರೆಯಲ್ಲಿರುವ ವಂಶವಾಹಿಗಳು ಒಟ್ಟಾಗಿಯೇ ಮುಂದಿನ ಪೀಳಿಗೆಗೆ ಸಾಗುತ್ತವೆ, ದೂರದವು ಅಗಲುತ್ತವೆ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಆಚಾರ್ಯರ ಬಳಿ ಹಣ್ಣಿನ ನೊಣಗಳನ್ನು ಸಾಕಿ ಅಭ್ಯಸಿಸುತ್ತಿದ್ದ ಆಲ್ಫ್ರೆಡ್ ಸ್ಟರ್ಟೆವಂಟ್ ಎಂಬ ವಿದ್ಯಾರ್ಥಿಗೆ ಈ ಅಗಲಿಕೆಯ ಲೆಕ್ಕವೇ ದೂರದ ಅಳತೆಯೆಂಬುದು ಹೊಳೆಯಿತು. 1913ರಲ್ಲಿ ಆತ ಪ್ರಕಟಿಸಿದ ಪುಟ್ಟ ನಕ್ಷೆಯೇ ಜಗತ್ತಿನ ಮೊತ್ತಮೊದಲ ವಂಶವಾಹಿ ನಕ್ಷೆ. ಆ ಅಳತೆಯ ಮಾನಕ್ಕೆ ಗುರುವಿನ ಹೆಸರನ್ನೇ ಇಟ್ಟು ಇಂದಿಗೂ ಸೆಂಟಿಮಾರ್ಗನ್ ಎಂದೇ ಕರೆಯುತ್ತಾರೆ.

ನೊಣದ ಕಣ್ಣಿನ ಬಣ್ಣ, ರೆಕ್ಕೆಯ ಆಕಾರಗಳಂಥ ಕಣ್ಣಿಗೆ ಕಾಣುವ ಗುಣಗಳೇ ಮೊದಮೊದಲು ಈ ನಕ್ಷೆಯ ಮೈಲಿಗಲ್ಲುಗಳಾಗಿದ್ದವು. ಆದರೆ ಅಂಥ ಗುಣಗಳು ಎಣಿಕೆಗೆ ಸಿಕ್ಕುವಷ್ಟೇ. 1980ರಿಂದೀಚೆಗೆ ಡಿಎನ್‌ಎಯೊಳಗಿನ ವ್ಯತ್ಯಾಸಗಳನ್ನೇ ಮೈಲಿಗಲ್ಲುಗಳಾಗಿ ಬಳಸುವ ಮಾರ್ಗ ತೆರೆದುಕೊಂಡಿತು; ಎರಡು ಮೂರು ಅಕ್ಷರಗಳು ಒಂದರ ಹಿಂದೊಂದು ಮರುಕಳಿಸುವ ತಾಣಗಳಲ್ಲಿ ಒಂದು ತಳಿಯಲ್ಲಿ ಹತ್ತು ಸಲ, ಇನ್ನೊಂದರಲ್ಲಿ ಹದಿನೈದು ಸಲ ಮರುಕಳಿಸುವ ಭೇದವನ್ನು ಪ್ರಯೋಗಶಾಲೆಯಲ್ಲಿ ಸುಲಭವಾಗಿ ಗುರುತಿಸಬಹುದು. ನಮ್ಮ ತೊಗರಿಯ ವಿಷಯದಲ್ಲಿಯೇ ಇದರ ಉತ್ತಮ ನಿದರ್ಶನವಿದೆ. ಗೊಡ್ಡು ರೋಗವೆಂಬುದು ತೊಗರಿಯ ಇನ್ನೊಂದು ಶತ್ರು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಹರಡುವ ವೈರಾಣುವಿನಿಂದ ಗಿಡ ಪೊದೆಯಾಗಿ ಬೆಳೆದರೂ ಹೂವೇ ಬಿಡದು. ಬೆಂಗಳೂರಿನ ಟಿಟಿಬಿ-7 ಎಂಬ ತಳಿಯನ್ನೂ ಈ ರೋಗವನ್ನು ತಾಳಿಕೊಳ್ಳುವ ಮತ್ತೊಂದನ್ನೂ ಕೂಡಿಸಿ, ಹಾಗೆಯೇ ನಮ್ಮ ಕಡೆಯ ರೈತರಿಗೆ ಚಿರಪರಿಚಿತವಾದ ಮಾರುತಿಯನ್ನು ಇನ್ನೊಂದು ತಳಿಯೊಡನೆ ಕೂಡಿಸಿ, ಹುಟ್ಟಿದ ಸಂತತಿಯಲ್ಲಿ ಯಾವ ಗಿಡ ಬಾಳಿತು, ಯಾವುದು ಗೊಡ್ಡಾಯಿತು ಎಂಬುದನ್ನು ಮೈಲಿಗಲ್ಲುಗಳೊಡನೆ ತಾಳೆ ನೋಡಿ, ರೋಗನಿರೋಧಕ್ಕೆ ಸಂಬಂಧಿಸಿದ ಆರು ತಾಣಗಳನ್ನು ಗುರುತಿಸಿದ ಸಂಶೋಧನೆಯು 2011ರಲ್ಲಿ ಪ್ರಕಟವಾಯಿತು. ಅದರಿಂದ ತಿಳಿದ ಮುಖ್ಯ ಸಂಗತಿಯೆಂದರೆ, ಹೈದರಾಬಾದಿನ ಬಳಿಯ ಪಟಾಂಚೇರುವಿನ ವೈರಾಣುವನ್ನು ತಡೆಯುವ ತಾಣಗಳು ಬೇರೆ, ಬೆಂಗಳೂರಿನ ವೈರಾಣುವನ್ನು ತಡೆಯುವ ತಾಣಗಳು ಬೇರೆ ಎಂಬುದು.

ನಕ್ಷೆಯು ಊರಿನ ದಿಕ್ಕನ್ನೂ ದೂರವನ್ನೂ ತೋರಿಸುತ್ತದೆ. ಊರಿನೊಳಗಿನ ಮನೆಯ ಬಾಗಿಲನ್ನು ತೋರಿಸಲಾರದು. ಅದಕ್ಕೆ ಅಕ್ಷರಗಳನ್ನೇ ಓದಬೇಕು. 1977ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಇದಕ್ಕೆ ಸೊಗಸಾದ ಉಪಾಯವೊಂದನ್ನು ಕಂಡರು. ಡಿಎನ್‌ಎಯನ್ನು ನಕಲು ಮಾಡಿಸುತ್ತ, ನಡುನಡುವೆ ಸೇರಿಕೊಂಡ ಕೂಡಲೇ ನಕಲು ನಿಂತುಹೋಗುವಂಥ ವಿಶೇಷ ಅಕ್ಷರಗಳನ್ನು ಬೆರೆಸಿದರೆ, ಒಂದಕ್ಕಿಂತ ಒಂದು ಒಂದೇ ಅಕ್ಷರದಷ್ಟು ಉದ್ದವಾದ ತುಂಡುಗಳು ಹುಟ್ಟುತ್ತವೆ. ಅವನ್ನು ಉದ್ದದ ಪ್ರಕಾರ ಸಾಲುಗೊಳಿಸಿ, ಪ್ರತಿ ತುಂಡಿನ ಕೊನೆಯಲ್ಲಿ ನಿಂತ ಅಕ್ಷರ ಯಾವುದೆಂದು ನೋಡುತ್ತ ಹೋದರೆ ಮೂಲದ ಬರವಣಿಗೆ ಮೆಟ್ಟಿಲು ಮೆಟ್ಟಿಲಾಗಿ ಓದಿಬರುತ್ತದೆ. ಬಹುಕಾಲ ಎಲ್ಲೆಡೆಯೂ ನಡೆದುದು ಈ ಮಾರ್ಗವೇ. 1990ರಲ್ಲಿ ಆರಂಭವಾಗಿ 2003ರಲ್ಲಿ ಮುಕ್ತಾಯ ಕಂಡ ಮಾನವ ಜೀನೋಮ್ ಯೋಜನೆಗೂ ಇದೇ ಆಧಾರ. ಭಾರತದ ವಿಜ್ಞಾನಿಗಳೂ ಪಾಲ್ಗೊಂಡು 2005ರಲ್ಲಿ ಹೊರಬಂದ ಭತ್ತದ ಜೀನೋಮಿಗೂ ಇದೇ ಆಧಾರ.

ಆದರೆ ಈ ವಿಧಾನದಲ್ಲಿ ಒಂದು ಸಲಕ್ಕೆ ಓದಬಹುದಾದುದು ಸಾವಿರ ಅಕ್ಷರಗಳ ಒಳಗೆ. ಎಂಬತ್ತಮೂರು ಕೋಟಿಯ ಗ್ರಂಥವನ್ನು ಓದುವುದು ಹೇಗೆ? ಇಲ್ಲಿ ನಮ್ಮ ಗ್ರಂಥಸಂಪಾದಕರ ಪರಿಶ್ರಮವನ್ನು ನೆನೆಯಬೇಕು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಶರಣರು ನಡೆದಾಡಿದ ಊರುಗಳೂ ಇರುವ ಈ ನಾಡಿನವರಿಗೆ ಓಲೆಗರಿಗಳ ಕಟ್ಟು ಹೊಸತಲ್ಲ. ಒಂದೇ ಕಾವ್ಯದ ನೂರಾರು ಪ್ರತಿಗಳು ಹರಿದು, ಪುಟಸಂಖ್ಯೆಯಿಲ್ಲದ ಚೂರುಗಳಾಗಿ ಒಂದೇ ರಾಶಿಯಲ್ಲಿ ಬೆರೆತಿವೆಯೆಂದು ಭಾವಿಸಿರಿ. ಪ್ರತಿಗಳು ಬೇರೆ ಬೇರೆ ಎಡೆಯಲ್ಲಿ ಹರಿದಿರುವುದರಿಂದ ಒಂದು ಚೂರಿನ ಕೊನೆಯ ಸಾಲು ಇನ್ನೊಂದರ ಮೊದಲ ಸಾಲಾಗಿರುತ್ತದೆ. ಹೊಂದುವ ತುದಿಗಳನ್ನು ಕೂಡಿಸುತ್ತ ಹೋದರೆ ಕಾವ್ಯ ಮತ್ತೆ ಇಡಿಯಾಗುತ್ತದೆ. ಜೀನೋಮ್ ಓದುವವರು ಮಾಡುವುದೂ ಇದನ್ನೇ. ಕೂಡಿಸುವ ಕೆಲಸ ಮಾತ್ರ ಕಂಪ್ಯೂಟರಿನದು. ತೊಡಕೆಲ್ಲಿ ಬರುವುದೆಂದರೆ ಮರುಕಳಿಸುವ ಭಾಗಗಳಲ್ಲಿ. ವಚನಗಳ ಕಟ್ಟಿನಲ್ಲಿ ಬರಿಯ ಅಂಕಿತವಷ್ಟೇ ಇರುವ ಚೂರು ಕೈಗೆ ಸಿಕ್ಕರೆ, ಅದು ನೂರಾರು ವಚನಗಳಲ್ಲಿ ಯಾವುದರ ಕೊನೆಯೆಂದು ಎಂಥ ವಿದ್ವಾಂಸನೂ ಹೇಳಲಾರ. ತೊಗರಿಯ ಜೀನೋಮಿನಲ್ಲಿ ಅರ್ಧದಷ್ಟು ಭಾಗ ಹೀಗೆ ಮರುಕಳಿಸುವಂಥದು.

ಈ ಕಷ್ಟಗಳ ನಡುವೆಯೂ ತೊಗರಿಯ ಗ್ರಂಥ ಓದಿಬಂದಿತು. ಬಡವರ ಬೇಳೆಯೆಂಬ ಕಾರಣಕ್ಕೆ ಶ್ರೀಮಂತ ದೇಶಗಳ ಪ್ರಯೋಗಶಾಲೆಗಳು ಕಣ್ಣೆತ್ತಿ ನೋಡದ ಅನಾಥ ಬೆಳೆಗಳ ಸಾಲಿನಲ್ಲಿ ಬಹುಕಾಲ ಇದ್ದ ತೊಗರಿಗೆ ಈ ಭಾಗ್ಯ ಬಂದುದು ನಮ್ಮ ನೆರೆಯಿಂದಲೇ. ಹೈದರಾಬಾದಿನ ಬಳಿಯ ಪಟಾಂಚೇರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸಾಟ್ ಸಂಸ್ಥೆಯ ರಾಜೀವ್ ವಾರ್ಷ್ಣೇಯ ಅವರ ಮುಂದಾಳುತನದ ತಂಡವು, ನೆಟೆಯನ್ನೂ ಗೊಡ್ಡು ರೋಗವನ್ನೂ ತಾಳಿಕೊಳ್ಳುವ ಆಶಾ ಎಂಬ ತಳಿಯನ್ನು ಆರಿಸಿಕೊಂಡಿತು. ಬಣ್ಣದ ಬೆಳಕಿನಿಂದ ಒಂದೊಂದೇ ಅಕ್ಷರ ಗುರುತಿಸುತ್ತ ಕೋಟ್ಯಂತರ ಗಿಡ್ಡ ಚೂರುಗಳನ್ನು ಏಕಕಾಲದಲ್ಲಿ ಓದುವ ಹೊಸ ಯಂತ್ರಗಳಿಂದ 23,720 ಕೋಟಿ ಅಕ್ಷರಗಳನ್ನು, ಎಂದರೆ ಇಡೀ ಗ್ರಂಥವನ್ನು ಇನ್ನೂರು ಸಲಕ್ಕೂ ಮಿಕ್ಕಿ ಓದಿದಷ್ಟು ಸಾಮಗ್ರಿಯನ್ನು, ಅದು ಕಲೆಹಾಕಿತು. ಅಂಕಿತದ ತೊಡಕನ್ನು ದಾಟಲು ಉದ್ದನೆಯ ತುಂಡುಗಳ ಎರಡೂ ತುದಿಗಳನ್ನು ಸ್ಯಾಂಗರರ ಹಳೆಯ ಮಾರ್ಗದಿಂದ ಓದಿತು. ಕೂಡಿಬಂದ ಭಾಗಗಳು ಯಾವ ವರ್ಣತಂತುವಿನಲ್ಲಿ ಯಾವ ಕ್ರಮದಲ್ಲಿ ನಿಲ್ಲಬೇಕೆಂಬುದನ್ನು ನಿರ್ಣಯಿಸಲು ಸ್ಟರ್ಟೆವಂಟನ ಕಾಲದಿಂದ ಬಂದ ಆ ನಕ್ಷೆಯ ವಿದ್ಯೆಯನ್ನೇ ನೆರವಿಗೆ ಕರೆಯಿತು. ಹೀಗೆ ನಕ್ಷೆಯೂ ಓದೂ ಒಂದಾದಾಗ ಗ್ರಂಥದ ಶೇಕಡಾ 72.7ರಷ್ಟು ಕೈಗೆ ಬಂದು, ಅದರಲ್ಲಿ 48,680 ವಂಶವಾಹಿಗಳನ್ನು ಅಂದಾಜು ಮಾಡಲಾಯಿತು. 2011ರ ನವೆಂಬರಿನಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ದೆಹಲಿಯಲ್ಲಿ ನಾಗೇಂದ್ರ ಕುಮಾರ್ ಸಿಂಗ್ ಮತ್ತು ಅವರ ಸಂಗಡಿಗರು ಬೇರೊಂದು ಬಗೆಯ ಯಂತ್ರದಿಂದ ಅದೇ ಆಶಾ ತಳಿಯನ್ನು ಓದಿ ತಮ್ಮ ಪಾಠವನ್ನೂ ಪ್ರಕಟಿಸಿದ್ದರು.

ಒಂದು ಪ್ರತಿಯನ್ನು ಓದಿದರೆ ಗ್ರಂಥ ತಿಳಿಯಿತು; ಪಾಠಾಂತರಗಳು ತಿಳಿಯಲಿಲ್ಲ. ಆದುದರಿಂದ ಮುಂದಿನ ಹೆಜ್ಜೆಯಾಗಿ ವಿಜ್ಞಾನಿಗಳು ಬೇರೆ ಬೇರೆ ಸೀಮೆಗಳ ಕೃಷಿತಳಿಗಳನ್ನೂ ನಾಟಿ ತಳಿಗಳನ್ನೂ ಕಾಡುಜಾತಿಗಳನ್ನೂ ಒಳಗೊಂಡ 292 ತೊಗರಿಗಳ ಜೀನೋಮುಗಳನ್ನು ಓದಿ, ಅಕ್ಷರ ಅಕ್ಷರವನ್ನೂ ಹೋಲಿಸಿ, 2017ರಲ್ಲಿ ಪ್ರಕಟಿಸಿದರು. ತೊಗರಿಯನ್ನು ಕಾಡಿನಿಂದ ಹೊಲಕ್ಕೆ ಕರೆತಂದವರು ಭಾರತದ ರೈತರೇ ಎಂಬ ನಂಬಿಕೆಗೆ ಈ ಹೋಲಿಕೆಯಿಂದ ಬಲ ಬಂದಿತು. ಹಾಗೆ ಕರೆತರುವಾಗ ಎಷ್ಟು ವೈವಿಧ್ಯವು ದಾರಿಯಲ್ಲೇ ಉದುರಿಹೋಯಿತೆಂಬುದೂ ಗೋಚರವಾಯಿತು.

ಇಷ್ಟರಿಂದ ಕೋಟನೂರಿನ ಹೊಲಕ್ಕೆ ಬಂದುದೇನು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ತೊಗರಿ ಐದಾರು ತಿಂಗಳ ಬೆಳೆ. ಮೇಲಾಗಿ ದುಂಬಿ ಜೇನುಗಳು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದರಿಂದ ತಳಿಯ ಶುದ್ಧತೆಯನ್ನು ಕಾಪಾಡುವುದೇ ಒಂದು ಸಾಹಸ. ಎರಡು ಗಿಡಗಳನ್ನು ಕೂಡಿಸಿ, ಸಂತತಿಯನ್ನು ವರ್ಷಕ್ಕೊಮ್ಮೆ ರೋಗಪೀಡಿತ ತಾಕಿನಲ್ಲಿ ಬೆಳೆದು, ಉಳಿದುದನ್ನು ಆಯ್ದು, ಹೊಸ ತಳಿಯೊಂದನ್ನು ರೈತನ ಕೈಗಿಡಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯವಾಗಿತ್ತು. ನಿರೋಧದ ತಾಣ ಯಾವುದೆಂದು ತಿಳಿದಿದ್ದರೆ ಮೊಳಕೆಯ ಒಂದೆಲೆಯನ್ನು ಪರೀಕ್ಷಿಸಿ, ಬೇಕಾದುದನ್ನು ಇಟ್ಟುಕೊಂಡು ಬೇಡವಾದುದನ್ನು ಅಂದೇ ಬಿಡಬಹುದು. ಶ್ರಮವೂ ಕಾಲವೂ ಉಳಿಯುತ್ತವೆ. ಆದರೂ ಕೊನೆಯ ತೀರ್ಪು ಹೊಲದ್ದೇ. 1986ರಲ್ಲಿ ಕರ್ನಾಟಕಕ್ಕೆ ಬಂದ ಮಾರುತಿ ನೆಟೆಗೆ ಎದೆಯೊಡ್ಡಿ ಈ ಸೀಮೆಯನ್ನು ಕಾಪಾಡಿತಾದರೂ ಗೊಡ್ಡು ರೋಗಕ್ಕೆ ಅದರ ಬಳಿ ಮದ್ದಿರಲಿಲ್ಲ. ನೆಟೆಯ ಶಿಲೀಂಧ್ರವೂ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆ. ಒಂದೆಡೆ ಗೆದ್ದ ಬೀಜ ಮತ್ತೊಂದೆಡೆ ಸೋಲಬಹುದು. ಆದುದರಿಂದಲೇ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಂಥ ಎಡೆಗಳಲ್ಲಿ ಇದೇ ಮಣ್ಣಿನಲ್ಲಿ, ಇದೇ ರೋಗದ ಎದುರಿಗೆ ನಡೆಯುವ ಪರೀಕ್ಷೆಗೆ ಯಾವ ಯಂತ್ರವೂ ಪರ್ಯಾಯವಾಗಲಾರದು. ಅಲ್ಲಿ ಅರಳಿದ ಟಿಎಸ್-3ಆರ್ ತಳಿ ಇಂದು ಈ ಹೊಲಗಳಲ್ಲಿ ಮನೆಮಾತಾಗಿದೆ.

ಈ ವಿದ್ಯೆಯ ಮೂಲಸೂತ್ರವೊಂದನ್ನು ಓದುಗರು ಮರೆಯಬಾರದು. ನಕ್ಷೆ ಬರೆಯಲು ಭೇದ ಬೇಕು. ಸಾಯುವ ಗಿಡವೊಂದು, ಬದುಕುವ ಗಿಡವೊಂದು ಇದ್ದಾಗ ಮಾತ್ರ ಬದುಕಿನ ತಾಣ ಎಲ್ಲಿದೆಯೆಂದು ಹುಡುಕಬಹುದು. ಎಲ್ಲವೂ ಒಂದೇ ಬಗೆಯಾದ ದಿನ ಎಂಥ ಯಂತ್ರಕ್ಕೂ ಓದಲು ಹೊಸ ಪಾಠವಿರದು. ಪಟಾಂಚೇರುವಿನ ಬೀಜಭಂಡಾರದಲ್ಲಿ 13 ಸಾವಿರಕ್ಕೂ ಮಿಕ್ಕಿದ ತೊಗರಿಯ ಮಾದರಿಗಳಿವೆ ನಿಜ. ಆದರೆ ಅವೆಲ್ಲವೂ ಒಂದು ಕಾಲಕ್ಕೆ ಯಾರದೋ ಮನೆಯ ಗಡಿಗೆಯಲ್ಲಿ ಬೂದಿಯೊಡನೆ ಬೆರೆತು ಮುಂದಿನ ಮಳೆಗೆ ಕಾದಿದ್ದ ಕಾಳುಗಳೇ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಗೆ ತಕ್ಕ ಕರ್ತವ್ಯವೊಂದಿದೆ. ಕೋಟನೂರಿನಲ್ಲಾಗಲಿ ಕಮಲಾಪುರದ ಹಳ್ಳಿಗಳಲ್ಲಾಗಲಿ, ಅಜ್ಜನ ಕಾಲದ ನಾಟಿ ತೊಗರಿ ಯಾರ ಮನೆಯಲ್ಲಿ ಇನ್ನೂ ಉಳಿದಿದೆಯೋ ಅವರು ಬರುವ ಮೃಗಶಿರೆಗೆ ಹೊಲದ ಒಂದು ಮೂಲೆಯಲ್ಲಿ ಅದನ್ನು ಬಿತ್ತಲಿ. ಬಿತ್ತಿ ಬೆಳೆದ ಮೇಲೆ ಒಂದು ಬೊಗಸೆ ಕಾಳನ್ನು ಕೃಷಿ ಸಂಶೋಧನಾ ಕೇಂದ್ರಕ್ಕೆ ಮುಟ್ಟಿಸಲಿ.